ಟಿಪ್ಪು ಪಿರಿಯಾಪಟ್ಟಣಕ್ಕೆ ಯಾಕೆ ಬಂದ?

1799ರ ಮಾರ್ಚ್. ಮೈಸೂರಿನ ಮೇಲೆ ಎರಡು ಕಡೆಯಿಂದ ಬ್ರಿಟಿಷರ ದಂಡು. ಪೂರ್ವಕ್ಕೆ ಜನರಲ್ ಹ್ಯಾರಿಸ್‌ನ ಭಾರೀ ಸೈನ್ಯ. ಪಶ್ಚಿಮಕ್ಕೆ, ಕಣ್ಣೂರಿನಿಂದ ಕೊಡಗು ಹತ್ತಿ ಬಂದ ಸ್ಟೂವರ್ಟ್‌ನ ಬೊಂಬಾಯಿ ಪಡೆ. ಟಿಪ್ಪು ಮೊದಲು ಯಾರನ್ನು ತಡೆಯಬೇಕು?

ಸಣ್ಣದನ್ನೇ ಮೊದಲು ಮುರಿಯೋಣ ಅಂತ ಪಿರಿಯಾಪಟ್ಟಣದ ಬಳಿ ಬೀಡುಬಿಟ್ಟ. ನನ್ನ ಪ್ರಕಾರ ಲೆಕ್ಕ ಸರಿಯಾಗೇ ಇತ್ತು. ಎರಡೂ ಸೈನ್ಯ ಕೂಡಿದರೆ ಶ್ರೀರಂಗಪಟ್ಟಣ ಉಳಿಯೋದು ಕಷ್ಟ.

ಮಾರ್ಚ್ 5. ಹತ್ತಿರದ ಸಿದ್ದೇಶ್ವರದ ಗುಡ್ಡದ ಮೇಲಿದ್ದ ಸ್ಟೂವರ್ಟ್ ಕಡೆಯ ಕಾವಲಿನವರಿಗೆ ಡೇರೆಗಳ ಸಾಲು ಕಂಡಿತು. ಅದರಲ್ಲೊಂದು ದೊಡ್ಡ ಹಸಿರು ಡೇರೆ! ಸುಲ್ತಾನನೇ ಬಂದನಾ?

ಮರುದಿನ ಬೆಳಿಗ್ಗೆ ದಟ್ಟ ಕಾಡಿನ ಮರೆಯಲ್ಲಿ ನುಗ್ಗಿದ ಟಿಪ್ಪು ಸೈನ್ಯ, ಸ್ಟೂವರ್ಟ್ ಪಡೆಯ ಅಧಿಕಾರಿ ಮಾಂಟ್ರೆಸರ್‌ನ ತುಕಡಿಯನ್ನು ಮುತ್ತಿತು. ಗಂಟೆಗಟ್ಟಲೆ ಕಾದಾಟ. ಸ್ಟೂವರ್ಟ್ ನೆರವಿಗೆ ಬಂದ, ಟಿಪ್ಪು ಹಿಂದೆ ಸರಿದ. ಮಾರ್ಚ್ 11ರ ಹೊತ್ತಿಗೆ ಶ್ರೀರಂಗಪಟ್ಟಣದತ್ತ ತಿರುಗಿದ. ಅಷ್ಟರಲ್ಲಿ ಹ್ಯಾರಿಸ್ ಮೈಸೂರಿನ ಗಡಿ ದಾಟಿಯಾಗಿತ್ತು.