ಮೆಟ್ನರ್ ಮತ್ತು ಮೈಸೂರಿನ ಮಹಾರಾಜರು

ಕಲಾವಿದನಿಗೆ ಆಶ್ರಯವೆಂದರೆ ಅನ್ನವಸ್ತ್ರಗಳನ್ನು ಒದಗಿಸುವುದೆಂದೇ ಸಾಮಾನ್ಯವಾದ ಭಾವನೆ. ರಷ್ಯದ ಸಂಗೀತಕಾರ ನಿಕೊಲಾಯ್ ಮೆಟ್ನರ್ ಅವರ ಜೀವನವನ್ನು ಪರಿಶೀಲಿಸಿದರೆ ಆ ಮಾತಿಗೆ ಇನ್ನೂ ಹಿರಿದಾದ ಅರ್ಥವೊಂದಿದೆಯೆಂಬುದು ಮನದಟ್ಟಾಗುತ್ತದೆ.

1880ರಲ್ಲಿ ಮಾಸ್ಕೋ ನಗರದಲ್ಲಿ ಜನಿಸಿದ ಮೆಟ್ನರ್ ಶ್ರೇಷ್ಠ ಪಿಯಾನೋ ವಾದಕರು. ಆದರೆ ಅವರ ಒಲವು ಸಂಗೀತರಚನೆಯ ಕಡೆಗೆ. ಪ್ರಸಿದ್ಧರಾದ ರಖ್ಮಾನಿನೊವ್ ಇವರ ಆಪ್ತಮಿತ್ರರು. ತಮ್ಮ ನಾಲ್ಕನೆಯ ಕನ್ಸರ್ಟೊವನ್ನು ಇವರಿಗೇ ಅರ್ಪಿಸಿದರು. ಕ್ರಾಂತಿಯ ತರುವಾಯ, 1921ರಲ್ಲಿ, ಮೆಟ್ನರ್ ತಾಯ್ನಾಡನ್ನು ತೊರೆದರು. 1935ರಲ್ಲಿ ಲಂಡನ್ನಿನಲ್ಲಿ ನೆಲೆಸಿದರು. ಅಷ್ಟು ಹೊತ್ತಿಗೆ ಯೂರೋಪಿನ ಅಭಿರುಚಿ ಬದಲಾಗಿತ್ತು. ಇವರೋ ರಮ್ಯ ಸಂಪ್ರದಾಯವನ್ನು ಬಿಡಲೊಲ್ಲರು. ಯುದ್ಧ ಬಂದು ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಹಣವೂ ನಿಂತಿತು, ಆರೋಗ್ಯ ಕೆಟ್ಟಿತು. ಶಿಷ್ಯೆ ಎಡ್ನಾ ಐಲ್ಸ್ ಆಶ್ರಯವಿತ್ತರು. ಆ ಕಷ್ಟದ ದಿನಗಳಲ್ಲೇ ಮೂರನೆಯ ಪಿಯಾನೋ ಕನ್ಸರ್ಟೊ ಪೂರ್ಣಗೊಂಡಿತು.

ಇಂಥ ಸಮಯದಲ್ಲಿ ನೆರವು ಬಂದದ್ದು ದೂರದ ಮೈಸೂರಿನಿಂದ. ಜಯಚಾಮರಾಜ ಒಡೆಯರು ಕರ್ನಾಟಕ ಸಂಗೀತದಲ್ಲಿ 94 ಕೃತಿಗಳನ್ನು ರಚಿಸಿದ ವಾಗ್ಗೇಯಕಾರರು. ಪಾಶ್ಚಾತ್ಯ ಸಂಗೀತದಲ್ಲಿಯೂ ಪರಿಶ್ರಮವುಳ್ಳವರು. ಯುದ್ಧಾನಂತರ ಮೆಟ್ನರರ ಹೆಸರಿನಲ್ಲಿ ಸಂಘವೊಂದನ್ನು ಸ್ಥಾಪಿಸಿ, ಅವರ ಕೃತಿಗಳನ್ನು ಧ್ವನಿಮುದ್ರಿಸಲು ಹಣವಿತ್ತರು. 1947ರಲ್ಲಿ ಮೂರು ಕನ್ಸರ್ಟೊಗಳನ್ನೂ ಮೆಟ್ನರ್ ಸ್ವತಃ ಫಿಲ್‌ಹಾರ್ಮೋನಿಯ ವಾದ್ಯವೃಂದದೊಡನೆ ನುಡಿಸಿದರು.

ಕೃತಿಗಳೆಲ್ಲ ಸ್ವರಲಿಪಿಯಲ್ಲಿ ಉಳಿದಿರುವಾಗ ಧ್ವನಿಮುದ್ರಣದ ಅಗತ್ಯವೇನೆಂದು ಕೇಳಬಹುದು. ಪಾಠಾಂತರದ ಬೆಲೆಯನ್ನು ಬಲ್ಲ ನಮಗೆ ಉತ್ತರ ಕಷ್ಟವಲ್ಲ. ಲಿಪಿ ಅಸ್ಥಿಪಂಜರ, ಎಲ್ಲಿ ತಡೆಯಬೇಕು, ಎಲ್ಲಿ ಹರಿಯಬೇಕು ಎಂಬ ಜೀವ ಕರ್ತೃವಿನ ಬೆರಳುಗಳಲ್ಲಿರುತ್ತದೆ. ಆ ಬೆರಳುಗಳು ಸೋಲುವ ಮುನ್ನ ಅವುಗಳ ನಾದವನ್ನು ಹಿಡಿದಿಟ್ಟದ್ದು ಈ ಆಶ್ರಯದ ಹಿರಿಮೆ.

ಎಂದೋ ಬರೆದು ಮುಗಿಸಿದ್ದ ಮೂರನೆಯ ಕನ್ಸರ್ಟೊವನ್ನು ಮೆಟ್ನರ್ ಕೃತಜ್ಞತೆಯಿಂದ ಮಹಾರಾಜರಿಗೆ ಅರ್ಪಿಸಿದರು. ಅದು ರಾಜಾಜ್ಞೆಯಿಂದ ಹುಟ್ಟಿದ ಕೃತಿಯಲ್ಲ ಎಂಬುದನ್ನು ಗಮನಿಸಬೇಕು. ಆಶ್ರಯದಾತರು ಇಂಥದನ್ನು ಬರೆಯಿರೆನ್ನಲಿಲ್ಲ, ಬರೆದದ್ದನ್ನು ಉಳಿಸಿದರು.

ಆದರೆ ಒಬ್ಬರ ಔದಾರ್ಯವನ್ನು ನೆಚ್ಚಿದ ಕಾರ್ಯಕ್ಕೆ ಕಾಲದ ಮಿತಿಯೂ ಉಂಟು. 1950ರಲ್ಲಿ ಮೈಸೂರಿನ ಅರಸೊತ್ತಿಗೆ ಕೊನೆಗೊಂಡಿತು. 1951ರಲ್ಲಿ ಮೆಟ್ನರ್ ತೀರಿಕೊಂಡರು. ಸಮಗ್ರ ಕೃತಿಗಳ ಮುದ್ರಣದ ಸಂಕಲ್ಪ ಪೂರ್ಣವಾಗಲಿಲ್ಲ. ಆದರೂ ಮುದ್ರಿತವಾದಷ್ಟು ಇಂದಿಗೂ ನಮ್ಮ ಕಿವಿಗೆ ದೊರೆಯುತ್ತಿದೆ. ಸಿಂಹಾಸನವೂ ಇಲ್ಲ, ಆ ಪಿಯಾನೋ ವಾದಕರೂ ಇಲ್ಲ, ನಾದವೊಂದು ಉಳಿದಿದೆ.