ಟಿಕೆಟ್ ದುಡ್ಡಿನಲ್ಲಿ ಅಳೆಯಲಾಗದ ಹಡಗು

ಡೊಂಬಿವಲಿಯ ಫಾಸ್ಟ್ ಲೋಕಲ್‌ನಲ್ಲಿ ನಾಲ್ಕನೇ ಸೀಟು ಸಿಕ್ಕರೂ ಅಂದಿನ ಪುಣ್ಯ ಎನ್ನುವವ ನಾನು. ಹಾಗಾಗಿ 2022ರ ಫೆಬ್ರವರಿಯಲ್ಲಿ ನವಿಮುಂಬಯಿಯ ಬೇಲಾಪುರದಿಂದ ವಾಟರ್ ಟ್ಯಾಕ್ಸಿ ಶುರುವಾದಾಗ ಖುಷಿಪಟ್ಟೆ. ಕಟಾಮರಾನ್‌ಗೆ, ಅಂದರೆ ಜೋಡಿ ಒಡಲಿನ ಬೋಟಿಗೆ, ಟಿಕೆಟ್ 290 ರೂಪಾಯಿ. ಹೆಚ್ಚುಕಡಿಮೆ ಸೆಕೆಂಡ್ ಕ್ಲಾಸಿನ ತಿಂಗಳ ಪಾಸಿನ ದುಡ್ಡು! ಒಂದು ಸಲ ಮಗಳನ್ನು ಕರೆದುಕೊಂಡು ಹೋಗಬಹುದು, ದಿನಾ ಯಾರು ಹೋಗುತ್ತಾರೆ? ಉಳ್ಳವರ ಶೋಕಿ ಎಂದುಕೊಂಡು ಸುಮ್ಮನಾದೆ.

'ಜರ್ವಿಸ್ ಬೇ' ಹಡಗಿನ ಕತೆ ಓದಿದ ಮೇಲೆ ಆ ಅಭಿಪ್ರಾಯ ಬದಲಾಯಿತು. ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಇನ್‌ಕ್ಯಾಟ್ ಕಂಪನಿ ಕಟ್ಟಿದ, 86 ಮೀಟರ್ ಉದ್ದದ ಅಲ್ಯೂಮಿನಿಯಂ ಕಟಾಮರಾನ್ ಅದು. ಜನರನ್ನೂ ಕಾರುಗಳನ್ನೂ ಸಾಗಿಸುವ ಮಾದರಿ. 1999ರಲ್ಲಿ ಅಲ್ಲಿನ ನೌಕಾಪಡೆ ಅದನ್ನು ಬಾಡಿಗೆಗೆ ಪಡೆಯಿತು. ಅದೇ ಸೆಪ್ಟೆಂಬರಿನಲ್ಲಿ ಪೂರ್ವ ಟಿಮೋರ್ ಹೊತ್ತಿ ಉರಿಯಿತು. ಕಾರು ನಿಲ್ಲುವ ಜಾಗದಲ್ಲಿ ಸೇನೆಯ ವಾಹನಗಳು, ಪ್ರವಾಸಿಗರ ಸೀಟಿನಲ್ಲಿ ಶಾಂತಿಪಾಲನೆಯ ಸೈನಿಕರು. ಡಾರ್ವಿನ್‌ನಿಂದ ಟಿಮೋರಿನ ರಾಜಧಾನಿ ದಿಲಿಗೆ ಏಳೆಂಟುನೂರು ಕಿಲೋಮೀಟರ್. ಅರ್ಧ ದಿನದಲ್ಲಿ ಮುಟ್ಟುತ್ತಿತ್ತು. 2001ರಲ್ಲಿ ಹಡಗನ್ನು ವಾಪಸು ಕೊಡುವಷ್ಟರಲ್ಲಿ 107 ಟ್ರಿಪ್ ಮುಗಿದಿದ್ದವು. ಪ್ರೀತಿಯಿಂದ ಇಟ್ಟ ಹೆಸರು 'ದಿಲಿ ಎಕ್ಸ್‌ಪ್ರೆಸ್'.

ಹವಾಯಿ ದ್ವೀಪಗಳ ನಡುವೆ ಓಡಬೇಕಿದ್ದ 'ಹುವಾಕೈ' ಹಡಗಿನದು ಇನ್ನೊಂದು ಪಾಠ. ಪರಿಸರ ಅಧ್ಯಯನದ ತಕರಾರು ಕೋರ್ಟಿಗೆ ಹೋಗಿ 2009ರಲ್ಲಿ ಆ ಸೇವೆಯೇ ನಿಂತಿತು. ಮುಂದಿನ ವರ್ಷ ಹೈಟಿಯಲ್ಲಿ ಭೂಕಂಪವಾದಾಗ ಇದೇ ಹಡಗು ಪರಿಹಾರ ಕಾರ್ಯಕ್ಕೆ ಹೋಯಿತು. ಆಮೇಲೆ ಅಮೆರಿಕದ ನೌಕಾಪಡೆ ಸೇರಿ 'ಗುವಾಮ್' ಆಯಿತು.

ಇಂಥ ಹಡಗು ಇಂಧನ ಕುಡಿಯುತ್ತದೆ. ಒಡಲು ತೆಳು, ಗುಂಡಿನ ಏಟು ತಡೆಯದು. ದೊಡ್ಡ ಅಲೆಗಳಲ್ಲಿ ವೇಗ ತಗ್ಗಿಸಲೇಬೇಕು. ಆದರೂ ಆಪತ್ತಿನಲ್ಲಿ ಬೇಕಾಗುವುದು ಇಂಥದ್ದೇ. ಅದನ್ನು ಅಂದೇ ಕಟ್ಟಲಾಗದು, ಮೊದಲೇ ಇರಬೇಕು.

2005ರ ಜುಲೈ 26ರ ಮಳೆ ನಿಮಗೂ ನೆನಪಿರಬಹುದು. ಅಪ್ಪ ಫೋರ್ಟಿನ ಆಫೀಸಿನಲ್ಲಿದ್ದರು. ಹಳಿ ನೀರಿನಡಿ, ಫೋನು ಸತ್ತಿತ್ತು. ಆ ಗಾಳಿಮಳೆಯಲ್ಲಿ ಯಾವ ಬೋಟೂ ಓಡುತ್ತಿರಲಿಲ್ಲ, ನಿಜ. ಆದರೆ ಮಳೆ ತಗ್ಗಿದ ಮೇಲೂ ಲೋಕಲ್ ಬರಲಿಲ್ಲ. ಆಗಲಾದರೂ ಕೊಲ್ಲಿ ದಾಟಿಸಿ ನವಿಮುಂಬಯಿಗೆ ಬಿಡುವ ಹಡಗೊಂದಿದ್ದರೆ?

ಅಪ್ಪ ಮೂರನೆಯ ದಿನ, ಬಹುಪಾಲು ದಾರಿ ನಡೆದು, ಮನೆ ಸೇರಿದರು. ಆ ಎರಡು ರಾತ್ರಿ ಅಮ್ಮ ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ವಾಟರ್ ಟ್ಯಾಕ್ಸಿಗೆ ಸರಕಾರ ಯಾಕೆ ದುಡ್ಡು ಹಾಕಬೇಕು ಎಂದು ಯಾರಾದರೂ ಕೇಳಿದರೆ ನನಗೆ ಆ ಚಿಲಕ ನೆನಪಾಗುತ್ತದೆ.