ಅಟ್ಟದಿಂದ ಇಳಿದ ಟಿವಿ ಗೇಮ್

ದಾವಣಗೆರೆಯ ಮನೆ ಖಾಲಿ ಮಾಡುವಾಗ ಅಟ್ಟದ ಮೇಲೆ ಅಮ್ಮನ ಹಳೆ ಹತ್ತಿ ಸೀರೆಯ ಗಂಟೊಂದು ಸಿಕ್ಕಿತು. ಬಿಚ್ಚಿದರೆ, 1996ರಲ್ಲಿ ಅಪ್ಪ ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್‌ನಿಂದ ತಂದುಕೊಟ್ಟಿದ್ದ ಟಿವಿ ಗೇಮ್! ಎರಡು ರಿಮೋಟ್, ಒಂದು ಗನ್, ಒಂದು ಹಳದಿ ಕ್ಯಾಸೆಟ್.

ಜಪಾನಿನ ನಿಂಟೆಂಡೊ 1983ರಲ್ಲಿ ಫ್ಯಾಮಿಕಾಮ್ ಎಂಬ ಯಂತ್ರವನ್ನು ಮಾರುಕಟ್ಟೆಗೆ ಬಿಟ್ಟಿತು. ನಮ್ಮದು ಅದರ ನಕಲು. ನಕಲೆಂದು ಅದನ್ನು ಕೀಳಾಗಿ ಕಾಣಲು ನನ್ನಿಂದಾಗದು. ನಮ್ಮ ಬೀದಿಯ ಹುಡುಗರಿಗೆಲ್ಲ ಮಾರಿಯೊನ ಪರಿಚಯವಾದದ್ದೇ ಇದರಿಂದ.

ಸ್ಕ್ರೂ ಬಿಚ್ಚಿ ನೋಡಿದೆ. ಅಸಲಿ ಯಂತ್ರದಲ್ಲಿ ಲೆಕ್ಕ ಮಾಡುವ ಚಿಪ್ ಬೇರೆ, ಚಿತ್ರ ಮೂಡಿಸುವ ಚಿಪ್ ಬೇರೆ. ಇದರಲ್ಲಿ ಎಲ್ಲವನ್ನೂ ಒಂದರಲ್ಲೇ ಅಡಕಿಸಿ, ಮೇಲೆ ಕಪ್ಪು ಅಂಟಿನ ಬೊಟ್ಟು ಇಟ್ಟುಬಿಟ್ಟಿದ್ದಾರೆ. ಆ ಬೊಟ್ಟಿನೊಳಗಿನದು ಸುಟ್ಟರೆ ರಿಪೇರಿಯಿಲ್ಲ. ಹಾಗಾಗಿ ಹಳೆ ಯಂತ್ರ ಸಿಕ್ಕ ಖುಷಿಗೆ ಯಾರೂ ತಕ್ಷಣ ಕರೆಂಟ್ ಕೊಡಬಾರದು. ಮೊದಲು ಅಡಾಪ್ಟರಿನ ವೋಲ್ಟೇಜು, ಪ್ಲಸ್ಸು ಮೈನಸ್ಸು ಮೀಟರಿನಲ್ಲಿ ನೋಡಿಕೊಳ್ಳಬೇಕು.

ಹಾಗೆ ನೋಡಿಕೊಂಡೇ ಕರೆಂಟ್ ಕೊಟ್ಟೆ. ಚಿತ್ರವೇನೋ ಬಂತು, ಆದರೆ ಅಡ್ಡ ಪಟ್ಟೆಗಳು ಮೇಲಕ್ಕೆ ತೆವಳುತ್ತಿದ್ದವು. ಕರೆಂಟಿನ ಏರಿಳಿತ ತಡೆಯುವ ಕಂಡೆನ್ಸರಿನ ತಲೆ ಉಬ್ಬಿತ್ತು. ವರ್ಷಗಳಾದಂತೆ ಒಳಗಿನ ದ್ರವ ಆರಿಹೋಗುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಹೊಸದು ತಂದು ಬೆಸುಗೆ ಹಾಕಿದೆ. ಪಟ್ಟೆ ಹೋಯಿತು.

ಇನ್ನು ಕ್ಯಾಸೆಟ್. ಆಟ ಬಾರದಿದ್ದರೆ ಅದರ ಬಾಯಿಗೆ ಫೂ ಎಂದು ಊದಿ ಹಾಕುವುದು ನಮ್ಮ ಕಾಲದ ಮಂತ್ರವಾಗಿತ್ತು. ಊದಿದಾಗ ಎಂಜಲಿನ ತೇವ ತಾಮ್ರದ ಗೆರೆಗಳ ಮೇಲೆ ಕೂತು ಕಿಲುಬು ಹಿಡಿಸುತ್ತದೆ. ಸರಿಹೋಗುತ್ತಿದ್ದುದು ಊದಿದ್ದರಿಂದಲ್ಲ, ತೆಗೆದು ಮತ್ತೆ ಕೂರಿಸಿದ್ದರಿಂದ. ಹತ್ತಿಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿ ಒಂದೊಂದೇ ಗೆರೆ ಒರೆಸಿದೆ. ಕಡ್ಡಿ ಮೊದಲು ಕಪ್ಪಾಯಿತು, ಆಮೇಲೆ ಹಸಿರು, ಕೊನೆಗೆ ಬೆಳ್ಳಗೇ ಉಳಿಯಿತು.

ಹಳದಿಗಟ್ಟಿದ ಪ್ಲಾಸ್ಟಿಕ್ಕನ್ನು ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗಿಟ್ಟು ಬಿಳಿ ಮಾಡುವವರಿದ್ದಾರೆ. ನಾನು ಮಾಡಲಿಲ್ಲ. ತಳದಲ್ಲಿ ಅಪ್ಪ ಬಾಲ್‌ಪೆನ್ನಿನಿಂದ ನನ್ನ ಮತ್ತು ಅಣ್ಣನ ಹೆಸರು ಬರೆದಿದ್ದರು.

ಗನ್ ಮಾತ್ರ ಮನೆಯ ಎಲ್‌ಇಡಿ ಟಿವಿಯಲ್ಲಿ ಕೆಲಸ ಮಾಡಲಿಲ್ಲ. ತಪ್ಪು ಅದರದ್ದಲ್ಲ. ಬಾತುಕೋಳಿ ಬೇಟೆಯ ಆಟದಲ್ಲಿ ಟ್ರಿಗರ್ ಒತ್ತಿದಾಗ ಪರದೆ ಕಣ್ಣು ಮಿಟುಕಿಸುವಷ್ಟರಲ್ಲಿ ಕಪ್ಪಾಗಿ, ಬಾತುಕೋಳಿ ಇದ್ದ ಜಾಗದಲ್ಲಿ ಬಿಳಿ ಚೌಕ ಮೂಡುತ್ತದೆ. ಗನ್ನಿನ ಮೂತಿಯೊಳಗಿನ ಕಣ್ಣು ಆ ಬೆಳಕನ್ನು ಹಿಡಿಯಬೇಕು. ಹೊಸ ಟಿವಿ ಚಿತ್ರವನ್ನು ತುಸು ತಡವಾಗಿ ತೋರಿಸುತ್ತದೆ, ಅಷ್ಟರಲ್ಲಿ ಆಟ ತೀರ್ಪು ಕೊಟ್ಟಾಗಿರುತ್ತದೆ. ಕೊನೆಗೆ ಗುಜರಿ ಅಂಗಡಿಯಿಂದ 14 ಇಂಚಿನ ಪಿಕ್ಚರ್ ಟ್ಯೂಬ್ ಟಿವಿ ಹೊತ್ತು ತಂದೆ.

ದೀಪಾವಳಿಗೆ ಬಂದ ಅಣ್ಣ ಮೊದಲ ಏಟಿಗೇ ಬಾತುಕೋಳಿ ಬೀಳಿಸಿದ. ಅವನ ರಿಮೋಟಿನ ಒಂದು ಗುಂಡಿ ಇನ್ನೂ ಹಿಡಿಯುತ್ತಿಲ್ಲ. ರಬ್ಬರಿನ ಅಡಿಯ ಕಪ್ಪು ಕಾರ್ಬನ್ ಸವೆದಿದೆ. ಬರುವ ಶನಿವಾರ ಮತ್ತೆ ಎಸ್.ಪಿ. ರಸ್ತೆಗೆ ಹೋಗಬೇಕು.